ಎಡ ಭುಜದ ಅಳತೆ

ಮಯೂರ್ ವಿಹಾರ್
9 ಅಕ್ಟೋಬರ್ 2023

ಚಿ. ಧಾರಿಣಿಗೆ ಅಮ್ಮನ ಆಶೀರ್ವಾದ. ಕೋಪವೂ ಇದೆ, ಅದನ್ನು ಕೆಳಗೆ ಬರೆಯುತ್ತೇನೆ.

ಫೋನಿನಲ್ಲಿ ನಾವಿಬ್ಬರೂ ಐದು ನಿಮಿಷ ಮಾತಾಡಿದರೆ ಜಗಳವಾಗುತ್ತದೆ. ನೀನು ಹಿಂದಿಗೆ ಜಾರುತ್ತೀಯ, ನಾನು ಅಳುವುದಕ್ಕೆ ಶುರುಮಾಡುತ್ತೇನೆ, ಆಮೇಲೆ ಮೊದಲು ಫೋನ್ ಇಟ್ಟವರು ಯಾರು ಅಂತ ಇನ್ನೊಂದು ಜಗಳ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಹೇಗೂ ನಿಮ್ಮಪ್ಪ ಶನಿವಾರಕ್ಕೊಮ್ಮೆ ಸಾರಿನಪುಡಿ ಹೊತ್ತುಕೊಂಡು ಯಮುನಾ ಬ್ಯಾಂಕ್ ಸ್ಟೇಷನ್ನಿನಲ್ಲಿ ಮೆಟ್ರೋ ಬದಲಿಸಿ ನಿನ್ನ ರೂಮಿಗೆ ಬರುತ್ತಾರೆ. ಮಿನಿಸ್ಟ್ರಿಯ ಫೈಲು ಹೊತ್ತು ಅಭ್ಯಾಸವಾದ ಕೈ, ನಮ್ಮ ಕಾಗದವನ್ನೂ ಹೊರಲಿ.

ಈಗ ಕೋಪ. ನಿನ್ನ ಬೆನ್ನು ಸ್ವಲ್ಪ ಬಾಗಿದೆ, ಎಡ ಭುಜ ಬಲಕ್ಕಿಂತ ಒಂದಿಷ್ಟು ಇಳಿದಿದೆ. ಜಗತ್ತು ಮುಳುಗುವ ವಿಷಯವೇನಲ್ಲ. ಅದಕ್ಕೇ ತಾನೆ ನೀನು ಏಳನೇ ಕ್ಲಾಸಿಗೆ ಬಂದಾಗಿನಿಂದ ನಿನ್ನ ಪ್ರತಿ ಅಂಗಿಗೆ, ಕುರ್ತಾಕ್ಕೆ, ರವಿಕೆಗೆ ಎಡ ಭುಜದ ಒಳಗೆ ಹತ್ತಿಯ ಮೆತ್ತೆ ಇಟ್ಟು ಹೊಲಿಯುತ್ತಾ ಬಂದಿದ್ದೇನೆ. ಇಡೀ ಸೊಸೈಟಿಯಲ್ಲಿ ಒಬ್ಬರಿಗೂ ಗೊತ್ತಾಗಿಲ್ಲ. ನಾನು ಹೊಲಿದ ರವಿಕೆಯನ್ನು ದಾವಣಗೆರೆಯಿಂದ ದೆಹಲಿಯವರೆಗೆ ಯಾರೂ ವಾಪಸ್ ತಂದುಕೊಟ್ಟಿಲ್ಲ.

ನೀನೇನು ಮಾಡಿದೆ? ನಿನ್ನನ್ನು ನೋಡುವುದಕ್ಕೆ ನೋಯ್ಡಾದ ಗುರುರಾಜ ಬಂದು ಕೂತಿದ್ದ. ಅವನ ತಾಯಿ "ಹುಡುಗಿ ಎಷ್ಟು ನೆಟ್ಟಗೆ ನಿಲ್ತಾಳೆ ನೋಡಿ" ಅಂದರು. ಅಷ್ಟು ಹೇಳಿದ್ದೇ ತಡ, ನೀನು ರವಿಕೆಯ ಕತ್ತಿನೊಳಗೆ ಕೈ ಹಾಕಿ ಮೆತ್ತೆ ಕಿತ್ತು, ಅವರ ಉಪ್ಪಿಟ್ಟಿನ ತಟ್ಟೆಯ ಪಕ್ಕ ಇಟ್ಟುಬಿಟ್ಟೆ. ದಾರ ಹರಿಯುವ ಸದ್ದು ನನಗೆ ಕೇಳಿಸಿತು. ಆ ಪಾಪದ ಹುಡುಗ ಅದೇನೋ ಸಿಹಿ ಅಂದುಕೊಂಡು ಕೈ ಚಾಚಿದ. ಸಂಜೆಯೊಳಗೆ ನೀನು ಬಟ್ಟೆ ಕಟ್ಟಿಕೊಂಡು ಘಾಜಿಯಾಬಾದಿಗೆ ಹೊರಟೆ.

ಪಕ್ಕದ ಮನೆಯ ಲೀಲಮ್ಮ ನಿನ್ನ ಕೆಲಸ ಏನು ಅಂತ ಕೇಳುತ್ತಾರೆ. 'ಎಕ್ಸ್‌ಪೋರ್ಟ್' ಎಂದಷ್ಟೇ ಹೇಳುತ್ತೇನೆ. ಕಬ್ಬಿಣದ ಅಂಗಿ ಮಾಡುತ್ತಾಳೆ ಎಂದು ಹೇಗೆ ಹೇಳಲಿ?

ಊಟ ಸರಿಯಾಗಿ ಮಾಡು.

ಇತಿ,
ನಿನ್ನ ಅಮ್ಮ
ಸುಶೀಲಮ್ಮ

---

ವೈಶಾಲಿ, ಘಾಜಿಯಾಬಾದ್
22 ಅಕ್ಟೋಬರ್ 2023

ಅಮ್ಮ,

ಕನ್ನಡದಲ್ಲಿ ಇಷ್ಟುದ್ದ ಬರೆದು ಎಷ್ಟು ವರ್ಷವಾಯಿತೋ. ತಪ್ಪಿದ್ದರೆ ಸಹಿಸಿಕೋ.

ಗುರುರಾಜನಿಗೆ ಸಾರಿ ಎಂದು ಮೆಸೇಜ್ ಮಾಡಿದೆ. ಅವನು ನಗುವ ಮುಖ ಕಳಿಸಿದ. ಅಲ್ಲಿಗೆ ಆ ಕಥೆ ಖತಮ್.

ನಾನು ಮಾಡುವುದು ಕಬ್ಬಿಣದ ಅಂಗಿ ಅಲ್ಲ, ಉಕ್ಕಿನ ಕವಚ. ಸುಮಾರು ಆರುನೂರು ವರ್ಷಗಳ ಹಿಂದೆ ಇಟಲಿಯ ಮಿಲಾನಿನ ಕಮ್ಮಾರರು ಕುದುರೆ ಸವಾರರಿಗೆ ತಲೆಯಿಂದ ಕಾಲಿನವರೆಗೆ ತಗಡಿನ ಕವಚ ಮಾಡಿಕೊಡುತ್ತಿದ್ದರು. ಅಲ್ಲಿನ ಜನ ಈಗಲೂ ರಜೆಯಲ್ಲಿ ಅಂಥದ್ದನ್ನೇ ತೊಟ್ಟು, ಮೈದಾನಕ್ಕಿಳಿದು, ಹಳೆಯ ಕಾಳಗಗಳನ್ನು ಆಡಿ ತೋರಿಸುತ್ತಾರೆ. ಆಡುವವರಲ್ಲಿ ಡಾಕ್ಟರು, ಮೇಷ್ಟ್ರು, ಬೇಕರಿಯವರು ಎಲ್ಲರೂ ಇದ್ದಾರೆ. ಅವರ ಕವಚ ತಯಾರಾಗುವುದು ನಮ್ಮ ಸಾಹಿಬಾಬಾದಿನ ಶೆಡ್ಡಿನಲ್ಲಿ. ಹಳೆಯ ಚಿತ್ರ ನೋಡಿ ನಾನು ನಕ್ಷೆ ಬರೆಯುತ್ತೇನೆ, ಇರ್ಫಾನ್ ಭಾಯ್ ತಗಡು ಬಡಿಯುತ್ತಾರೆ. ಲೀಲಮ್ಮ ಆಂಟಿಗೆ ಇಷ್ಟು ಹೇಳಿದರೆ ಏನೂ ಮಾನ ಹೋಗುವುದಿಲ್ಲ.

ಇನ್ನೊಂದು ಮಾತು. ಏಳನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಬೆನ್ನು ನೇರವಾಗಲೆಂದು ಡಾಕ್ಟರು ಕೊಟ್ಟ ಆ ಪ್ಲಾಸ್ಟಿಕ್ ಬೆಲ್ಟನ್ನು ನಾನು ಹಾಕಿಕೊಂಡೇ ಇದ್ದೆ. ಸ್ಕೂಲಿನಲ್ಲಿ 'ರೋಬೋಟ್' ಎನ್ನುತ್ತಿದ್ದರು. ಬೆನ್ನು ನೇರವಾಗಲಿಲ್ಲ, ಇನ್ನೂ ಬಾಗುವುದು ನಿಂತಿತು, ಅಷ್ಟೇ. ಇನ್ನು ಸಾಕು ಎಂದು ಡಾಕ್ಟರು ಹೇಳಿದರು. ನೀನು ಮಾತ್ರ ಸಾಕು ಅನ್ನಲೇ ಇಲ್ಲ. ಬೆಲ್ಟ್ ಹೋಯಿತು, ಮೆತ್ತೆ ಉಳಿಯಿತು. ಆವತ್ತು ಅವರು ಹೊಗಳಿದ್ದು ನನ್ನನ್ನಲ್ಲ ಅಮ್ಮ, ನಿನ್ನ ಹೊಲಿಗೆಯನ್ನು. ಅದು ತಡೆಯಲಿಕ್ಕಾಗಲಿಲ್ಲ.

ಉಪ್ಪಿನಕಾಯಿ ಚೆನ್ನಾಗಿದೆ.

ಧಾರಿಣಿ

---

ಮಯೂರ್ ವಿಹಾರ್
19 ನವೆಂಬರ್ 2023

ಧಾರಿಣಿ,

ದೀಪಾವಳಿ ಹಬ್ಬಕ್ಕೆ ನೀನು ಬರಲಿಲ್ಲ. ಬರುತ್ತೀಯೆಂದು ನಾನೇನೂ ಕಾಯುತ್ತಿರಲಿಲ್ಲ ಎಂದು ಬರೆಯೋಣವೆಂದಿದ್ದೆ. ಆದರೆ ಹೋಳಿಗೆ ಎಷ್ಟು ಉಳಿಯಿತೆಂದು ನಿಮ್ಮಪ್ಪ ಹೇಳಿಯೇ ಹೇಳುತ್ತಾರೆ. ಹೊಗೆ ವಿಪರೀತ. ಕಿಟಕಿ ತೆಗೆಯದೆ ವಾರವಾಯಿತು. ನೀನು ಆ ಫ್ಯಾಕ್ಟರಿ ಕಡೆ ಮಾಸ್ಕ್ ಹಾಕಿಕೊಂಡು ಓಡಾಡು.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಅದಕ್ಕೆ ಏನು ಬರೆಯಬೇಕೋ ಗೊತ್ತಾಗಲಿಲ್ಲ, ಅದಕ್ಕೆ ತಡವಾಯಿತು. ಈಗಲೂ ಗೊತ್ತಿಲ್ಲ. ಗೊತ್ತಾದಾಗ ಬರೆಯುತ್ತೇನೆ.

ನಿಮ್ಮಪ್ಪ ಮೊಬೈಲಿನಲ್ಲಿ ನಿಮ್ಮ ಕವಚದ ಫೋಟೋ ತಂದಿದ್ದರು. ನೋಡಿದೆ. ಎರಡು ವಿಷಯ ಕೇಳಬೇಕು. ಹೊಲಿಯುವವಳಾಗಿ ಕೇಳುತ್ತಿದ್ದೇನೆ, ಅಮ್ಮನಾಗಿ ಅಲ್ಲ. ಮೊದಲನೆಯದು, ಅದರೊಳಗೆ ಏನು ಹಾಕಿಕೊಳ್ಳುತ್ತಾರೆ? ಬರೀ ಮೈಗೆ ತಗಡು ತಾಗಿದರೆ ಚರ್ಮ ಕಿತ್ತು ಬರುವುದಿಲ್ಲವೆ? ಎರಡನೆಯದು, ಆ ಎಡ ಭುಜದ ತಗಡು ಬಲದ್ದಕ್ಕಿಂತ ಅಷ್ಟು ದೊಡ್ಡದು ಯಾಕೆ? ಎಡ ಮೊಣಕೈಯೂ ಹಾಗೇ. ನಕ್ಷೆ ನಿನ್ನದಾದರೆ ಅಳತೆ ತಪ್ಪಿದೆ, ನೋಡಿಕೋ. ಕೊಂಡವರು ಬೈಯುತ್ತಾರೆ.

ಹೋಳಿಗೆ ಫ್ರಿಜ್ಜಿನಲ್ಲಿತ್ತು, ಕಳಿಸಿದ್ದೇನೆ. ತುಪ್ಪ ಹಾಕಿಯೇ ಬಿಸಿ ಮಾಡು.

ಅಮ್ಮ

---

ವೈಶಾಲಿ
10 ಡಿಸೆಂಬರ್ 2023

ಪ್ರೀತಿಯ ಅಮ್ಮ,

ನಿನ್ನ ಪ್ರಶ್ನೆ ಓದಿ ನಾನು ರೂಮಿನಲ್ಲಿ ಒಬ್ಬಳೇ ನಕ್ಕೆ. ಯಾಕೆಂದರೆ ನಮ್ಮ ಫ್ಯಾಕ್ಟರಿಯಲ್ಲೂ ಇದೇ ಆಯಿತು.

ಅಳತೆ ತಪ್ಪಿಲ್ಲ. ಮಿಲಾನಿನ ಕವಚ ಇರುವುದೇ ಹಾಗೆ. ಎದುರಾಳಿಯ ಏಟು ಬೀಳುವುದು ಎಡಗಡೆಗೆ, ಆದ್ದರಿಂದ ಅಲ್ಲಿ ತಗಡು ದೊಡ್ಡದು, ದಪ್ಪ. ಬಲಗೈಯಲ್ಲಿ ಈಟಿ ಹಿಡಿಯಬೇಕು, ಆದ್ದರಿಂದ ಅಲ್ಲಿ ಕತ್ತರಿಸಿ ಜಾಗ ಬಿಟ್ಟಿರುತ್ತಾರೆ. ಎಡ ಬಲ ಒಂದೇ ಥರ ಇದ್ದರೆ ಅದು ನಕಲಿ ಎಂದು ಅಲ್ಲಿಯವರು ದೂರದಿಂದಲೇ ಹೇಳುತ್ತಾರೆ. ಕೆಲವು ತಿಂಗಳ ಹಿಂದೆ ಪಾಲಿಶ್ ವಿಭಾಗದವರು ಒಂದು ಸೆಟ್ ನೋಡಿ, ಯಾರೋ ತಪ್ಪು ಮಾಡಿದ್ದಾರೆಂದು, ನಮಗೆ ಹೇಳದೆ ಎಡ ಭುಜವನ್ನೂ ಬಲದ ಹಾಗೆ ಕತ್ತರಿಸಿ ಥಳಥಳ ಮಾಡಿ ಕಳಿಸಿಬಿಟ್ಟರು. ಅದು ಸಮುದ್ರ ದಾಟಿ ವಾಪಸ್ ಬಂತು. "ಅರೇ, ಹಮ್ನೇ ತೋ ಠೀಕ್ ಕಿಯಾ ಥಾ" ಎಂದು, ಸರಿಮಾಡಿದ್ದೇ ತಪ್ಪಾಯಿತಾ ಎನ್ನುವ ಹಾಗೆ, ಅವರೆಲ್ಲ ಮುಖ ಸಪ್ಪೆ ಮಾಡಿಕೊಂಡರು. ಪಾಪ, ಒಳ್ಳೆಯದಕ್ಕೇ ಮಾಡಿದ್ದು.

ಈಗ ನಿಜವಾದ ವಿಷಯ. ಇಟಲಿಯ ಒಂದು ಸಣ್ಣ ಊರಿನಲ್ಲಿ ಕವಚ ತೊಟ್ಟು ಕಾದಾಡುವ ಹೆಂಗಸರದ್ದೇ ಒಂದು ಸಂಘವಿದೆ. ಗಂಡಸರ ಅಳತೆಯ ಕವಚ ತೊಟ್ಟು ಅವರಿಗೆ ಸಾಕಾಗಿದೆ. ಒಬ್ಬೊಬ್ಬರ ಮೈಗೂ ಬೇರೆ ಬೇರೆ ಕವಚ ಬೇಕಂತೆ. ಅವರ ಮುಖ್ಯಸ್ಥೆ ಕಿಯಾರಾ ಫೆಬ್ರುವರಿಯಲ್ಲಿ ನಮ್ಮಲ್ಲಿಗೆ ಬರುತ್ತಾಳೆ. ಒಂದು ಮಾದರಿ ಸೆಟ್ ತೋರಿಸಬೇಕು, ಬೊಂಬೆಯ ಮೇಲಲ್ಲ, ಜೀವಂತ ಹೆಂಗಸಿನ ಮೇಲೆ. ನಡೆಯಬೇಕು, ನೆಲಕ್ಕೆ ಬಿದ್ದು ಏಳಬೇಕು, ಎರಡೂ ಕೈ ಮೇಲೆತ್ತಿ ಕತ್ತಿ ಬೀಸಬೇಕು. ಯಾರು ತೊಡುತ್ತಾರೆ ಎಂದು ಸಾಹೇಬರು ಕೇಳಿದಾಗ ನನ್ನ ಬಾಯಿಂದ "ಮೈಂ", ನಾನೇ, ಎಂದು ಬಂದುಬಿಟ್ಟಿತು.

ಅಮ್ಮ, ನಾನು ಸೆಟ್ಟಿನ ನಕ್ಷೆಯನ್ನು ನನ್ನ ಮೈಗೇ ಬರೆದಿದ್ದೇನೆ. ನನ್ನ ಬೆನ್ನು ಬಾಗಿದ ಕಡೆಗೇ ತಗಡೂ ಬಾಗಿದೆ. ಇಳಿದ ಭುಜದ ಮೇಲೆ ಆ ದೊಡ್ಡ ತಗಡು ಹೇಗೆ ಕೂರುತ್ತದೆ ಗೊತ್ತಾ? ಅಲ್ಲಿಗೇ ಮಾಡಿಸಿದ ಹಾಗೆ. ಕಿಯಾರಾ ಒಪ್ಪಿದರೆ ಅಳತೆಯ ಕವಚಗಳ ವಿಭಾಗ ನನ್ನದು. ಒಪ್ಪದಿದ್ದರೆ ಮತ್ತೆ ಸ್ಮಾಲ್, ಮೀಡಿಯಮ್, ಲಾರ್ಜ್. ಆದರೆ ನನಗೆ ಮುಖ್ಯ ವಿಭಾಗ ಅಲ್ಲ. ಒಂದು ಸಲ, ಎಲ್ಲರೆದುರು, ನಾನು ಹೇಗಿದ್ದೇನೋ ಹಾಗೆ ನಿಲ್ಲಬೇಕು. ಅಷ್ಟೇ.

ನಿನ್ನ ಮೊದಲನೇ ಪ್ರಶ್ನೆಗೆ ಉತ್ತರ: ಒಳಗೆ ಹತ್ತಿ ತುಂಬಿದ ಅಂಗಿ ಹಾಕಿಕೊಳ್ಳುತ್ತಾರೆ, ರಜಾಯಿಯ ಹಾಗೆ ಗೀಟು ಗೀಟಾಗಿ ಹೊಲಿದದ್ದು. ಅದರಲ್ಲಿ ಕಾಜಾಗಳಿರುತ್ತವೆ, ಮೇಣ ಹಚ್ಚಿದ ದಾರದಿಂದ ತಗಡುಗಳನ್ನು ಅದಕ್ಕೆ ಕಟ್ಟುತ್ತಾರೆ. ಅಂಗಿ ಸರಿಯಿಲ್ಲದಿದ್ದರೆ ಎಂಥ ಕವಚವೂ ಕೂರುವುದಿಲ್ಲ. ಇಲ್ಲಿ ಹೊಲಿಯುವವರು ಮೂಟೆಯ ಹಾಗೆ ಹೊಲಿಯುತ್ತಾರೆ. ನೀನು ಹೊಲಿದುಕೊಡುತ್ತೀಯಾ? ಅಳತೆಯ ಚೀಟಿ ಇಟ್ಟಿದ್ದೇನೆ.

ನಿನ್ನ
ಧಾರು

---

ಮಯೂರ್ ವಿಹಾರ್
14 ಜನವರಿ 2024

ಚಿ. ಧಾರುಗೆ, ಎಳ್ಳುಬೆಲ್ಲದ ಜೊತೆ ಅಂಗಿಯನ್ನೂ ಕಳಿಸಿದ್ದೇನೆ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡು, ಅಂಗಿಯ ಬಗ್ಗೆಯೂ.

ಗಾಂಧಿನಗರದ ಬಟ್ಟೆ ಬಜಾರಿನಲ್ಲಿ ಮೂರು ಅಂಗಡಿ ಹತ್ತಿಳಿದು ಗಟ್ಟಿ ಬಟ್ಟೆ ಆರಿಸಿದೆ. ರಜಾಯಿಗೆ ಹತ್ತಿ ತುಂಬುವ ಭಯ್ಯಾನಿಗೆ "ಲಡಾಯಿ ಕೇಲಿಯೇ ಚಾಹಿಯೇ", ಯುದ್ಧಕ್ಕೆ ಬೇಕು, ಎಂದು ಹೇಳಿದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಒಳ್ಳೆಯ ಹತ್ತಿಯನ್ನೇ ಕೊಟ್ಟ. ಮಿಷನ್ನಿನ ಸೂಜಿ ಎರಡು ಮುರಿಯಿತು. ಕಾಜಾಗಳನ್ನೆಲ್ಲ ಕೈಯಲ್ಲೇ ಹೊಲಿದಿದ್ದೇನೆ, ಎಳೆದರೂ ಹರಿಯುವುದಿಲ್ಲ. ಕಂಕುಳಿಗೆ ಚೌಕದ ತುಂಡು ಕೊಟ್ಟಿದ್ದೇನೆ, ಕೈ ಎತ್ತಿದರೆ ಅಂಗಿ ಮೇಲೆ ಬರುವುದಿಲ್ಲ. ಸೊಂಟಕ್ಕೆ ಬಿಗಿ ಮಾಡಿದ್ದೇನೆ. ಅಷ್ಟು ಭಾರ ಸೊಂಟದ ಮೇಲೆ ನಿಲ್ಲದಿದ್ದರೆ ಬೆನ್ನಿಗೆ ಬೀಳುತ್ತದೆ, ನಿನ್ನ ಬೆನ್ನಿನ ಮೇಲೆ ನಾನು ಏನನ್ನೂ ಬೀಳಿಸುವವಳಲ್ಲ.

ನಿನ್ನ ಚೀಟಿ ನನಗೆ ಬೇಕಾಗಲಿಲ್ಲ. ಹುಟ್ಟಿದಾಗಿನಿಂದ ನಿನಗೆ ಹೊಲಿದಿದ್ದೇನೆ, ನಿನ್ನ ಅಳತೆ ನನ್ನ ಕೈಗೇ ಗೊತ್ತು.

ಎಷ್ಟೋ ದಿನದ ಮೇಲೆ ಹೊಲಿಯುವುದರಲ್ಲಿ ಇಷ್ಟು ಖುಷಿಯಾಯಿತು ಮಗಳೇ. ನಿಮ್ಮಪ್ಪ ಅಂಗಿಯನ್ನು ತಾವೇ ಹಾಕಿಕೊಂಡು ಹಾಲಿನಲ್ಲಿ ಎರಡು ಸುತ್ತು ಓಡಾಡಿದರು. ಚಳಿಗೆ ತಮಗೂ ಒಂದು ಬೇಕಂತೆ.

ಹಾಕಿಕೊಂಡು ಹೇಗಿದೆ ಬರೆ.

ಅಮ್ಮ

---

ವೈಶಾಲಿ
21 ಜನವರಿ 2024

ಅಮ್ಮ,

ಇವತ್ತು ಅಂಗಿ ಹಾಕಿ, ಮೇಲೆ ಕವಚ ಕಟ್ಟಿ ನೋಡಿದೆವು. ಬಲಗೈ ಪೂರ್ತಿ ಎದ್ದಿತು. ಎಡಗೈ ಕಿವಿಯ ಹತ್ತಿರವೂ ಬರಲಿಲ್ಲ. ಭುಜದ ತಗಡು ಮೇಲೆದ್ದು ಕುತ್ತಿಗೆಗೆ ಒತ್ತಿತು, ಉಸಿರು ಕಟ್ಟಿದ ಹಾಗಾಯಿತು. ನನ್ನ ನಕ್ಷೆಯೇ ತಪ್ಪೆಂದು ಇರ್ಫಾನ್ ಭಾಯ್ ಮತ್ತು ನಾನು ಬೆಳಿಗ್ಗೆಯೆಲ್ಲ ತಗಡಿಗೆ ಟೇಪ್ ಹಿಡಿದೆವು. ಆಮೇಲೆ ನಾನು ಅಂಗಿಯ ಎಡ ಭುಜವನ್ನು ಒತ್ತಿ ನೋಡಿದೆ.

ಇಟ್ಟಿದ್ದೀಯ. ಗೀಟಿನ ಹೊಲಿಗೆಯ ಕೆಳಗೆ, ಅದೇ ಆಕಾರ, ಅದೇ ಜಾಗ.

ನಾನು ಅಷ್ಟುದ್ದ ಬರೆದಿದ್ದೆನಲ್ಲ ಅಮ್ಮ. ಪಾಲಿಶ್ ವಿಭಾಗದವರಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ಆಫೀಸಿನ ಮಾನ್ಯಾ ರೆಡಿಮೇಡ್ ಮೀಡಿಯಮ್ ಸೆಟ್ ತೊಡಲಿ ಎಂದು ಸಾಹೇಬರು ಹೇಳುತ್ತಿದ್ದಾರೆ. ಅವಳ ಭುಜ ಎರಡೂ ಸಮವಾಗಿವೆ. ನಾನು ಇನ್ನೂ ಹ್ಞೂಂ ಎಂದಿಲ್ಲ, ಆದರೆ ಹೇಳುತ್ತೇನೆ ಅನ್ನಿಸುತ್ತದೆ. ಸುಸ್ತಾಗಿದೆ.

ಧಾರಿಣಿ

---

ಮಯೂರ್ ವಿಹಾರ್
27 ಜನವರಿ 2024

ಧಾರು,

ಪೋಸ್ಟ್‌ಮನ್ ಕಾಗದ ಬರೆಯಬಾರದು, ನನಗೆ ಗೊತ್ತು. ಮೂವತ್ತು ವರ್ಷ ಬೇರೆಯವರ ಫೈಲಿನ ಮೇಲೆ ಟಿಪ್ಪಣಿ ಬರೆದವನು ನಾನು, ಸ್ವಂತಕ್ಕೆ ಬರೆಯುವುದು ಇದೇ ಮೊದಲು.

ಬುಧವಾರ ನಾನು ಬಂದು ಒಯ್ದ ನಿನ್ನ ಕಾಗದ ಓದಿ ನಿಮ್ಮಮ್ಮ ಅಡಿಗೆಮನೆಯಿಂದ ಹಾಲಿಗೆ ಬಂದಳು. ನೀನು ಮೊಬೈಲಿಗೆ ಕಳಿಸಿದ್ದೆಯಲ್ಲ, ಹೊಲಿಗೆ ಬಿಚ್ಚಿದ ಭುಜದ ಫೋಟೋ, ಅದನ್ನು ತೋರಿಸಿ ಎಂದಳು. ತೋರಿಸಿದೆ. "ರೀ, ಇದನ್ನ ನಾನು ಯಾವಾಗ ಇಟ್ಟೆ?" ಅಂದಳು. ಮತ್ತೆ ಅದನ್ನೇ ಕೇಳಿದಳು. ಅವಳು ಸುಳ್ಳು ಹೇಳುವಾಗ ನನಗೆ ಗೊತ್ತಾಗುತ್ತದೆ ಮಗಳೇ, ಇದು ಸುಳ್ಳಲ್ಲ. ಇಷ್ಟು ವರ್ಷ ನಿನಗೆಂದು ಬಟ್ಟೆ ಹಿಡಿದರೆ ಎಡ ಭುಜಕ್ಕೆ ಬಂದಾಗ ಆ ಕೈ ತಾನಾಗಿ ಹತ್ತಿಗೆ ಹೋಗುತ್ತದೆ. ಈ ಸಲವೂ ಹೋಗಿದೆ, ಅವಳನ್ನು ಕೇಳದೆ.

ಆಮೇಲೆ ನೀನು ಕಳಿಸಿದ ಅಳತೆಯ ಚೀಟಿ ಹುಡುಕಿದಳು. ಬೇಡವೆಂದು ಆಗಲೇ ಕಸಕ್ಕೆ ಹಾಕಿದ್ದಳು. ತಾನು ನಿನ್ನ ಅಳತೆ ಬರೆದಿಟ್ಟ ಹಳೆಯ ಹಾಳೆಗಳನ್ನೆಲ್ಲ ತೆಗೆದಳು. ಎಲ್ಲದರಲ್ಲೂ ಭುಜದ ಅಳತೆ ಒಂದೇ ಇದೆ, ಬಲದ್ದು. ಎಡದ್ದನ್ನು ಅವಳು ಯಾವತ್ತೂ ಅಳೆದೇ ಇಲ್ಲ. ಅಳೆಯುವುದಕ್ಕೆ ಹೆದರಿಕೆಯಾಗುತ್ತಿತ್ತು ಎಂದು ನನ್ನೆದುರು ಕೂತು ಅತ್ತಳು.

ನಾಳೆ ಭಾನುವಾರ ಅವಳನ್ನು ಕರೆದುಕೊಂಡು ಬರುತ್ತಿದ್ದೇನೆ. ಈ ಕಾಗದವನ್ನು ಇವತ್ತೇ ನಿನ್ನ ಬಾಗಿಲ ಕೆಳಗೆ ತೂರಿಸಿ ಹೋಗುತ್ತೇನೆ. ನೀವಿಬ್ಬರೂ ಮಾತಾಡಬೇಡಿ, ಮಾತಾಡಿದರೆ ಕೆಡುತ್ತದೆ. ಅವಳು ಟೇಪ್ ತರುತ್ತಾಳೆ. ನೀನು ಬಾಗಿಲು ತೆಗೆ, ಸಾಕು.

ನಿನ್ನ ಅಪ್ಪ,
ದೇವೇಂದ್ರಪ್ಪ

---

ಸಾಹಿಬಾಬಾದ್, ಫ್ಯಾಕ್ಟರಿಯಿಂದ
17 ಫೆಬ್ರುವರಿ 2024

ಅಮ್ಮ, ಅಮ್ಮ, ಅಮ್ಮ,

ನೀನು ಇವತ್ತು ಬರಲಿಲ್ಲ. ಬಂದರೆ ಎಲ್ಲರೆದುರು ಅತ್ತುಬಿಡುತ್ತೇನೆ ಎಂದೆಯಂತೆ. ಬರಬೇಕಿತ್ತು. ಇಲ್ಲಿ ಎಲ್ಲರೂ ಅತ್ತರು, ನೀನು ಎದ್ದು ಕಾಣುತ್ತಿರಲಿಲ್ಲ.

ನೀನು ಮತ್ತೆ ಹೊಲಿದುಕೊಟ್ಟ ಅಂಗಿಯ ಮೇಲೆ ಇರ್ಫಾನ್ ಭಾಯ್ ಒಂದೊಂದೇ ತಗಡು ಕಟ್ಟಿದರು. ಮೊದಲು ಕಾಲು, ಆಮೇಲೆ ಎದೆ, ಬೆನ್ನು, ಕೈ, ಕೊನೆಗೆ ಭುಜ. ಒಟ್ಟು ಇಪ್ಪತ್ತೆರಡು ಕೆಜಿ. ನೀನು ಹೇಳಿದ ಹಾಗೇ ಭಾರ ಸೊಂಟದ ಮೇಲೆ ನಿಂತಿತು. ಕಿಯಾರಾ ಗಟ್ಟಿ ಹೆಂಗಸು, ಊರಿನಲ್ಲಿ ದನದ ಡಾಕ್ಟರಂತೆ. ನನ್ನ ಸುತ್ತ ಒಂದು ಸುತ್ತು ಬಂದಳು. ಹಿಂದೆ ನಿಂತು ಬೆನ್ನಿನ ತಗಡು ಬಾಗಿದ ಜಾಗವನ್ನು ಬೆರಳಿನಿಂದ ಸವರಿದಳು. ನನಗೆ ಒಂದು ಗಳಿಗೆ ಸ್ಕೂಲಿನ ಕಾರಿಡಾರ್ ನೆನಪಾಯಿತು. ಅವಳು ಮುಂದೆ ಬಂದು ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಮಾತು, "ಇದು ನಿನ್ನ ಬೆನ್ನಾ?" ನಾನು ಹೌದೆಂದೆ. ಅವಳು "ಸರಿ, ಬೀಳು" ಎಂದಳು.

ಬಿದ್ದೆ. ಎದ್ದೆ. ಶೆಡ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿದೆ. ಪಾಲಿಶ್ ವಿಭಾಗದವರು ಬೆಂಚಿನ ಮೇಲೆ ಹತ್ತಿ ಸೀಟಿ ಹೊಡೆದರು. ಆಮೇಲೆ ಕತ್ತಿ ಕೊಟ್ಟರು. ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದೆ. ಎಡಗೈ ಬಲಗೈಯ ಜೊತೆಗೇ ಮೇಲೆ ಹೋಯಿತು. ತಗಡು ಕುತ್ತಿಗೆಯನ್ನು ಮುಟ್ಟಲೇ ಇಲ್ಲ.

ಆ ಭಾನುವಾರ ನೀನು ಟೇಪ್ ಹಿಡಿದು ನನ್ನ ಹಿಂದೆ ನಿಂತಾಗ ನಿನ್ನ ಕೈ ತಣ್ಣಗಿತ್ತು. ಕತ್ತಿನಿಂದ ಎಡ ಭುಜದ ತುದಿಗೆ ಒಂದು ಸಲ ಅಳೆದೆ. ನಂಬಿಕೆ ಬರದೆ ಇನ್ನೊಂದು ಸಲ ಅಳೆದೆ. ಆಮೇಲೆ ಟೇಪ್ ಬಿಟ್ಟು ಅಂಗೈಯನ್ನು ಅಲ್ಲೇ ಇಟ್ಟುಕೊಂಡೆ. ಅಪ್ಪ ಅಡಿಗೆ ಕಟ್ಟೆಯ ಹತ್ತಿರ ಚಹಾ ಮಾಡುವ ನಾಟಕ ಆಡುತ್ತಿದ್ದರು, ಗ್ಯಾಸೇ ಹಚ್ಚಿರಲಿಲ್ಲ. ನಾವಿಬ್ಬರೂ ಮಾತಾಡಲಿಲ್ಲ. ಆದರೆ ಅಮ್ಮ, ನನಗೆ ನೀನು ಹೇಳಿದ್ದೆಲ್ಲ ಕೇಳಿಸಿತು. ಇವತ್ತು ಕತ್ತಿ ಎತ್ತುವಾಗ ಆ ಜಾಗದಲ್ಲಿ ನಿನ್ನ ಕೈ ಇದ್ದ ಹಾಗೇ ಇತ್ತು.

ಕಿಯಾರಾ ಒಪ್ಪಿದಳು. ಅವಳ ಸಂಘದ ಪ್ರತಿಯೊಬ್ಬರಿಗೂ ಅವರವರ ಅಳತೆಯಲ್ಲೇ. ಒಳಂಗಿಯನ್ನು ತಿರುವಿ ತಿರುವಿ ನೋಡಿ, ಇದು ಯಾರ ಕೈಕೆಲಸ ಎಂದು ಕೇಳಿದಳು. "ಮೈ ಮದರ್" ಎಂದೆ. ಅಂಗಿಗಳೂ ಆ ಕೈಯಿಂದಲೇ ಬೇಕಂತೆ. ಅವರಲ್ಲಿ ಒಬ್ಬಳಿಗೆ ಒಂದು ಮೊಲೆ ಇಲ್ಲ, ಕ್ಯಾನ್ಸರಿನಲ್ಲಿ ತೆಗೆದಿದ್ದಾರೆ. ಅದನ್ನು ತುಂಬಿಸುವುದು ಬೇಡ, ಇದ್ದ ಹಾಗೇ ಹೊಲಿಯಬೇಕು ಎಂದು ಅವಳೇ ಹೇಳಿಕಳಿಸಿದ್ದಾಳೆ. ನೀನು ಮಾಡುತ್ತೀಯಾ?

ಜೂನಿನಲ್ಲಿ ಅವರ ಊರಿನ ಮೈದಾನಕ್ಕೆ ನನ್ನನ್ನೂ ಕರೆದಿದ್ದಾರೆ. ಅಳತೆ ನೋಡುವುದಕ್ಕೆ, ಒಂದು ಆಟಕ್ಕೆ ಇಳಿಯುವುದಕ್ಕೂ.

ನಿನ್ನದೇ
ಧಾರು

---

ಮಯೂರ್ ವಿಹಾರ್
2 ಏಪ್ರಿಲ್ 2024

ನನ್ನ ಧಾರುಗೆ,

ಯುಗಾದಿ ಮುಂದಿನ ಮಂಗಳವಾರ. ಈ ಸಲ ಬರುತ್ತೀಯೆಂದು ಕಾಯುತ್ತಿದ್ದೇನೆ ಎಂದೇ ಬರೆಯುತ್ತಿದ್ದೇನೆ. ಸೋಮವಾರ ರಾತ್ರಿಯೇ ಬಾ, ಬೆಳಿಗ್ಗೆ ಎಣ್ಣೆ ನಾನೇ ಹಚ್ಚಬೇಕು.

ಇಟಲಿಯವರ ಅಳತೆಗಳು ಬಂದವು. ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಒಬ್ಬಳ ತೋಳು ಉದ್ದ, ಒಬ್ಬಳ ಸೊಂಟ ಒಂದು ಕಡೆ ದಪ್ಪ. ಆ ಕ್ಯಾನ್ಸರ್ ಗೆದ್ದ ಹುಡುಗಿಯ ಅಂಗಿಯನ್ನೇ ಮೊದಲು ಕತ್ತರಿಸಿದೆ. ಅಲ್ಲಿಗೆ ಬಂದಾಗ ಕೈ ಒಂದು ಗಳಿಗೆ ಹತ್ತಿಯ ಕಡೆ ಹೋಯಿತು. ನಾನೇ ಅದನ್ನು ಹಿಡಿದು ವಾಪಸ್ ತಂದೆ. ಅವಳು ಹೇಗಿದ್ದಾಳೋ ಹಾಗೇ ಹೊಲಿದಿದ್ದೇನೆ. ನನಗೇ ಚೆಂದ ಕಂಡಿತು.

ಲೀಲಮ್ಮನಿಗೆ ನೀನು ಕತ್ತಿ ಎತ್ತಿದ ಫೋಟೋ ತೋರಿಸಿದೆ. "ಅಯ್ಯೋ ಸುಶೀಲಮ್ಮ, ಆ ಕಡೆ ಈ ಕಡೆ ಒಂದೇ ಥರ ಇಲ್ವಲ್ರೀ?" ಅಂದರು. ಕೂತುಕೊಳ್ಳಿ ಎಂದು ಹೇಳಿ, ಮಿಲಾನಿನಿಂದ ಶುರುಮಾಡಿ ಈಟಿಯವರೆಗೆ ಎಲ್ಲ ವಿವರಿಸಿದೆ. ಅವರ ಕುಕ್ಕರ್ ಕೂಗಿದರೂ ಬಿಡಲಿಲ್ಲ.

ಹೋದ ನವೆಂಬರಿನಲ್ಲಿ ಗೊತ್ತಾದಾಗ ಬರೆಯುತ್ತೇನೆ ಎಂದಿದ್ದೆ. ಈಗ ಬರೆಯುತ್ತೇನೆ. ಜನ ನಿನ್ನನ್ನು ನೋಡಿ ನಗಬಾರದು ಎಂದಷ್ಟೇ ಇತ್ತು ನನಗೆ. ಅದನ್ನು ನಿನ್ನ ಬಟ್ಟೆಯೊಳಗೆ ಇಟ್ಟು ಹೊಲಿದೆ, ನಿನಗೆ ಅದು ಚುಚ್ಚುತ್ತಿತ್ತೆಂದು ಗೊತ್ತಾಗಲಿಲ್ಲ. ನಿನ್ನ ಭುಜ ನನಗೆ ತುಂಬಾ ಇಷ್ಟ ಮಗಳೇ, ಎರಡೂ.

ನಿನ್ನ ಬೀರು ತೆಗೆದು ಅಲ್ಲಿ ಬಿಟ್ಟುಹೋದ ಬಟ್ಟೆಗಳನ್ನೆಲ್ಲ ಹೊರಗೆ ಹಾಕಿದೆ. ಸ್ಕೂಲಿನ ಯೂನಿಫಾರಮ್ಮಿನಿಂದ ಹಿಡಿದು ಗುರುರಾಜ ಬಂದ ದಿನದ ರೇಷ್ಮೆ ರವಿಕೆಯವರೆಗೆ. ಆ ರವಿಕೆಯದ್ದನ್ನು ನೀನೇ ಕಿತ್ತಿದ್ದೆ, ಉಳಿದೆಲ್ಲದರ ಎಡ ಭುಜ ಬಿಚ್ಚಿ ಹತ್ತಿ ತೆಗೆದೆ. ಗುಡ್ಡೆ ಹಾಕಿದರೆ ಇಷ್ಟೊಂದಾ ಅನ್ನಿಸಿತು. ಬಿಸಾಡುವುದಕ್ಕೆ ಮನಸ್ಸು ಬರಲಿಲ್ಲ. ಬಿಸಿಲಿಗೆ ಹಾಕಿ, ಹಿಂಜಿ, ನಿನಗೊಂದು ದಿಂಬು ಮಾಡಿ ನಿನ್ನ ಮಂಚದ ಮೇಲೆ ಇಟ್ಟಿದ್ದೇನೆ.

ದಿಂಬು ಒಂದು ಕಡೆ ಸ್ವಲ್ಪ ಇಳಿದಿದೆ. ಸರಿಮಾಡಲಿಲ್ಲ.

ಬೇಗ ಬಾ.

ನಿನ್ನ ಅಮ್ಮ